ಉಪ್ಪಿಲ್ಲದ ಸಾರಿಗೂ ಒಂಬತ್ತು

ಇಲಿಗಳನ್ನಿಟ್ಟುಕೊಂಡು ಸಂಶೋಧನೆ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಲಿ ಹಾಕಿದ್ದನ್ನು ತಿನ್ನುತ್ತದೆ, ಸುಮ್ಮನಾಗುತ್ತದೆ. “ನಿನ್ನ ಮದುವೆ ಯಾವಾಗಮ್ಮ?” ಎಂದು ಕೇಳುವುದಿಲ್ಲ. ಮುಂಬಯಿಯ ನಮ್ಮ ಕನ್ನಡದ ಹಿರಿಯರನ್ನು ಕೂರಿಸಿಕೊಂಡು ಸಂಶೋಧನೆಗೆ ಹೊರಟರೆ ಮಾತ್ರ ಆಗಬಾರದ್ದೆಲ್ಲ ಆಗುತ್ತಲೇ ಇರುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಮೇಷ್ಟರಾಗಿ ನಿವೃತ್ತನಾದ ನನಗೆ ಇದು ಗೊತ್ತಿರಬೇಕಿತ್ತು. ಆದರೂ ಮುಲುಂಡಿನ ನಮ್ಮ ಬಿಲ್ಡಿಂಗಿನ ಹುಡುಗಿ ಬಂದು, “ಕಾಕಾ, ನನ್ನ ಪಿಎಚ್‌ಡಿಗೆ ಸಾರು ಟೇಸ್ಟ್ ಮಾಡೋ ಸೀನಿಯರ್ ಸಿಟಿಜನ್ಸ್ ಬೇಕು” ಎಂದಾಗ ಕುಣಿದುಕೊಂಡು ಒಪ್ಪಿದೆ.

ಅವಳ ಪ್ರಶ್ನೆ ದೊಡ್ಡದು. ಹೃದಯದ ಕಾಯಿಲೆಯವರಿಗೆ ಉಪ್ಪು ಕಡಿಮೆ ಹಾಕಿಯೂ ಬಾಯಿಗೆ ಹಿತವಾದ ಸಾರು ಮಾಡಬಹುದೇ? ಮೂರು ಬಗೆಯ ಸಾರು. ಒಂದಕ್ಕೆ ಮಾಮೂಲಿ ಉಪ್ಪು. ಒಂದಕ್ಕೆ ಅರ್ಧ ಉಪ್ಪು, ಜೊತೆಗೆ ನಿಂಬೆಹುಳಿ, ಹುರಿದ ಜೀರಿಗೆ. ಇನ್ನೊಂದಕ್ಕೆ ಉಪ್ಪೇ ಇಲ್ಲ. ಬಟ್ಟಲುಗಳ ಮೇಲೆ ಬರೀ ನಂಬರು, ಯಾವುದು ಯಾವುದೆಂದು ತಿನ್ನುವವರಿಗೆ ಗೊತ್ತಾಗಬಾರದು. ಇಷ್ಟವಾಗದಿದ್ದರೆ ಒಂದು ಅಂಕ, ತುಂಬ ಇಷ್ಟವಾದರೆ ಒಂಬತ್ತು.

ಉಗುಳುವ ಶಾಸ್ತ್ರ

ಸೊಸೈಟಿಯ ಹಾಲಿನಲ್ಲಿ ಹಿರಿಯರು ಸೇರಿದರು. ಮುಂದಿನ ಸಾಲಿನಲ್ಲಿ ಕುಂದಾಪುರ ಕಡೆಯ ಅಜ್ಜಿ. ಪಕ್ಕದಲ್ಲಿ ವಿಜಯಪುರದ ಟೇಲರ್ ಚಾಚಾ, ಅರ್ಧ ಮುಲುಂಡಿನ ಪ್ಯಾಂಟುಗಳನ್ನು ಹೊಲಿದವರು. ಹುಡುಗಿ ಕಾಗದದ ಕಪ್ಪು ಹಂಚಿ, “ಸಾರು ಬಾಯಲ್ಲಿ ಇಟ್ಕೊಂಡು ಟೇಸ್ಟ್ ನೋಡಿ, ಫಿರ್ ಈ ಕಪ್ಪಲ್ಲಿ ಉಗುಳಿ” ಎಂದಳು.

ಚಾಚಾ ಬಾಯಿ ತುಂಬ ಸಾರು ಹಿಡಿದುಕೊಂಡು ನನ್ನನ್ನು ದುರುದುರು ನೋಡಿದರು. ನಾನು ಸೂರು ನೋಡಿದೆ. ಅವರು ಗಟಕ್ಕನೆ ನುಂಗಿದರು. ಅಷ್ಟೇ ಸಾಕಾಯಿತು, ಎಲ್ಲರೂ ನುಂಗಿದರು.

ಅಜ್ಜಿ ಕಪ್ಪನ್ನು ವಾಪಸು ಕೊಟ್ಟು ಹೇಳಿದರು: “ಮಗಾ, ಸ್ಟೇಷನ್ನಿನಲ್ಲಿ ಉಗುಳಿದರೆ ಫೈನ್ ಹಾಕ್ತಾರೆ. ನೀನು ಕಪ್ಪು ಕೊಟ್ಟು ಉಗುಳ್ಲಿಕ್ಕೆ ಹೇಳ್ತೀಯಲ್ಲ, ಎಷ್ಟು ಓದಿದ್ದಿ ನೀನು?”

ಜಾಗ ಸಾಲದ್ದು

ಮರುದಿನ ಅವಳ ಗೈಡ್ ಮೇಡಂ ಅಂಕಗಳನ್ನು ನೋಡಿದರು. ಮರಾಠಿ ಹೆಂಗಸು, ಬಿಗಿ ಮುಖ, ನಕ್ಕದ್ದನ್ನು ಕಂಡವರಿಲ್ಲ. ಮೊದಲ ಸಾರಿಗೆ ಎಲ್ಲರದೂ ಒಂಬತ್ತು, ಎರಡನೆಯದಕ್ಕೂ ಒಂಬತ್ತು, ಉಪ್ಪಿಲ್ಲದ್ದಕ್ಕೂ ಒಂಬತ್ತು.

“ಇದರಿಂದ ಏನನ್ನು ಸಾಧಿಸಿದ ಹಾಗಾಯಿತು?” ಎಂದರು ಮೇಡಂ. “ಸೋಮವಾರ ಕಮಿಟಿ ಇದೆ. ಅಷ್ಟರಲ್ಲಿ ಸರಿಯಾದ ಅಂಕ ತರದಿದ್ದರೆ ಈ ವಿಷಯ ಬಿಟ್ಟು ಹೊಸದು ಹುಡುಕು.”

ಹುಡುಗಿ ನನ್ನ ಬಳಿ ಓಡಿಬಂದಳು. “ಕಾಕಾ, ನನ್ನ ಪೂರಾ ಮೆಹನತ್ ನೀರಲ್ಲಿ ಹೋಯ್ತು.” ನಾನು ಸೀದಾ ಚಾಚಾ ಅಂಗಡಿಗೆ ಹೋಗಿ ಜಗಳ ತೆಗೆದೆ.

“ಊಟ ಹಾಕಿದವರಿಗೆ ಹೆಸರಿಡಬಾರದ್ರೀ ಮೇಷ್ಟ್ರ, ತಪ್ಪು ಹುಡುಕಬಾರದು” ಎಂದರು ಚಾಚಾ, ಹೊಲಿಗೆ ನಿಲ್ಲಿಸದೆ. “ನಾ ಅಂತೂ ಹತ್ತು ಹಾಕಾಂವ ಇದ್ದೆ. ಬೇಟಿ ಒಂಬತ್ತಕ್ಕ ಮುಗಿಸಿಬಿಟ್ಟಿದ್ಲು.”

ಗೋಡೆಯ ಆಚೆ

ಬಡಿಸುವವಳ ಮುಖ ಕಂಡರೆ ತಾನೆ ದಾಕ್ಷಿಣ್ಯ? ಮೇಡಂ ಎಲ್ಲರನ್ನೂ ಗೋರೆಗಾಂವಿನ ಕಾಲೇಜಿಗೆ ಕರೆಸಿದರು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗೂಡು, ಮಧ್ಯೆ ಹಲಗೆ, ಎದುರಿನ ಕಿಂಡಿಯಿಂದ ಬರೀ ಕೈಯೊಂದು ಬಂದು ಬಟ್ಟಲು ಇಟ್ಟು ಹೋಗುತ್ತದೆ. ಪಿಟ್ಟೆನ್ನುವಂತಿಲ್ಲ. ಈ ಸಲ ಗೆದ್ದೆವು ಎಂದುಕೊಂಡೆ.

ಅಂಕ ನೋಡಿದರೆ ಹೆಚ್ಚಿನವರದು ಮತ್ತೆ ಒಂಬತ್ತು! ಅಜ್ಜಿಯ ಉಪ್ಪಿಲ್ಲದ ಬಟ್ಟಲಂತೂ ಕೆಂಪಗೆ ಹೊಳೆಯುತ್ತಿತ್ತು. ಮೇಡಂ ಅದನ್ನು ಬೆಳಕಿಗೆ ಹಿಡಿದರು. ಅಜ್ಜಿ ತಮ್ಮ ಚೀಲದ ಬಾಯಿಯನ್ನು ಮೆಲ್ಲನೆ ಮುಚ್ಚಿದರು. ಒಳಗೆ ಮಿಡಿ ಉಪ್ಪಿನಕಾಯಿಯ ಬಾಟಲಿ.

“ಉಪ್ಪು ಹಾಕ್ಲಿಕ್ಕೆ ಮರ್ತಿದ್ದಾಳೆ ಪಾಪ” ಎಂದರು ಅಜ್ಜಿ ನನ್ನ ಕಿವಿಯಲ್ಲಿ. “ನಾನೇ ಸರಿ ಮಾಡಿಕೊಂಡೆ. ಆ ದೊಡ್ಡ ಮೇಡಮ್ಮಿಗೆ ಹೇಳ್ಬೇಡಿ ಮಾರಾಯ್ರೆ, ಹುಡುಗಿಗೆ ಬೈತಾರೆ.”

ಬೀಗರ ಸಿಟ್ಟು

ವಾಪಸು ಬರುವಾಗ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಹುಡುಗಿ ಕಿಟಕಿಗೆ ತಲೆಯಾನಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಜೋಗೇಶ್ವರಿಯ ಯಾವುದೋ ಮದುವೆಯ ಮಾತು ನಡೆದಿತ್ತು. ಇವರೆಲ್ಲ ಗಂಡಿನ ಕಡೆಯಿಂದ ಹೋಗಿದ್ದರಂತೆ. ಪಲ್ಯ ಹಸಿ, ಪಾಯಸ ನೀರು, ಅನ್ನ ಮುದ್ದೆ, ಹಪ್ಪಳ ಮೆತ್ತಗೆ! ಎಂಥ ನಾಲಗೆ, ಎಂಥ ನಿಷ್ಠುರ! ನಾನು ಎದ್ದು ನಿಂತುಬಿಟ್ಟೆ.

ಭಾನುವಾರ ಅದೇ ಗೂಡುಗಳಲ್ಲಿ ಕೊನೆಯ ಸರದಿ. ಮೇಡಂ ಅವರ ಒಪ್ಪಿಗೆ ಪಡೆದು ಎಲ್ಲರಿಗೂ ಒಂದೇ ಮಾತು ಹೇಳಿದೆ: “ನೀವು ಗಂಡಿನ ಕಡೆಯವರು. ಈ ಸಾರು ಹೆಣ್ಣಿನ ಕಡೆಯವರು ಬಡಿಸಿದ್ದು ಅಂದುಕೊಳ್ಳಿ.” ಅಜ್ಜಿಯ ಚೀಲ ನನ್ನ ಕೈಯಲ್ಲೇ ಇತ್ತು.

ಮುಖಗಳು ಬದಲಾದವು. ಬೆನ್ನುಗಳು ನೆಟ್ಟಗಾದವು. ಚಾಚಾ ಸಾರು ಮೂಸಿ, ಹುಬ್ಬು ಏರಿಸಿ, ಏನೋ ಬರೆದರು. ಅಜ್ಜಿ ಬರೆದದ್ದನ್ನು ಹೊಡೆದು ಹಾಕಿ, ಇನ್ನೂ ಕಡಿಮೆ ಬರೆದರು. ಹುಡುಗಿ ಕಿಂಡಿಯ ಹಿಂದೆ ಉಗುರು ಕಚ್ಚುತ್ತಿದ್ದಳು.

ಮುಗಿಯಿತು. ಮೇಡಂ ಕೈ ಚಾಚಿ ಕಾಗದ ಕೇಳಿದರು. ಯಾರೂ ಕೊಡಲಿಲ್ಲ!

“ಏನ್ರೀ ಚಾಚಾ?” ಎಂದೆ.

“ಕೊಡೂದಿಲ್ಲ” ಎಂದರು ಚಾಚಾ. “ಬಡಿಸಿ ಹ್ವಾದ್ರು. ‘ಇನ್ನಷ್ಟು ಹಾಕ್ಲೇನ್ರೀ’ ಅಂತ ಒಬ್ಬರರ ಕೇಳಿದ್ರೇನು? ಗಂಡಿನ ಕಡಿಯವರಂದ್ರ ಏನ್ ತಿಳಿದಾರ?”

“ಮರ್ಯಾದೆ ಬೇಡ್ವಾ?” ಎಂದರು ಅಜ್ಜಿ.

ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎಲ್ಲರೂ ಬಾಗಿಲ ಕಡೆ ಹೊರಟೇಬಿಟ್ಟರು. ನಾಳೆ ಕಮಿಟಿ! ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದೆ. ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. “ಹಿರಿಯರು ಬಂದು ಕೇಳಲಿ” ಎಂದರು ಅಜ್ಜಿ, ಮೇಡಂ ಕಡೆ ಗದ್ದ ಎತ್ತಿ ತೋರಿಸಿ.

ನಾನು ಮೇಡಂಗೆ ವಿಷಯ ತಿಳಿಸಿದೆ. ಈಗ ಬೈಗುಳ ಬಿತ್ತು ಎಂದು ಕಣ್ಣು ಮುಚ್ಚಿದೆ. ತೆರೆದಾಗ, ಆಹಾರ ವಿಜ್ಞಾನದ ಆ ಪ್ರೊಫೆಸರು ತಲೆಯ ಮೇಲೆ ಸೆರಗು ಹೊದ್ದು, ಅಜ್ಜಿಯ ಮುಂದೆ ಕೈ ಜೋಡಿಸಿ ನಿಂತಿದ್ದರು. “ಚೂಕ್ ಝಾಲೀ, ಮಾಫ್ ಕರಾ. ಮುಲೀಚೀ ಬಾಜೂ ಆಹೇ ಆಮಚೀ.” ತಪ್ಪಾಯಿತು, ಕ್ಷಮಿಸಿ, ನಾವು ಹೆಣ್ಣಿನ ಕಡೆಯವರು!

ಅಜ್ಜಿ ಕರಗಿದರು. ಕಾಗದಗಳು ಒಂದೊಂದಾಗಿ ಹೊರಬಂದವು. ಹುಡುಗಿ ಅವಸರದಿಂದ ತಿರುವಿದಳು. ಮಾಮೂಲಿ ಸಾರಿಗೆ ಆರು, ಐದು. ನಿಂಬೆ-ಜೀರಿಗೆಯ ಅರ್ಧ ಉಪ್ಪಿನದಕ್ಕೂ ಆರು, ಐದು! ಉಪ್ಪಿಲ್ಲದ್ದಕ್ಕೆ ಒಂದು, ಒಂದು, ಒಂದು. ಚಾಚಾ ಪಕ್ಕದಲ್ಲಿ ಬೇರೆ ಬರೆದಿದ್ದರು: “ಇದರಾಗ ಕೈ ತೊಳಿಬಹುದು.”

“ಕಾಕಾ, ಒಂದು! ಒಂದು ಕೊಟ್ಟಿದ್ದಾರೆ ನನಗೆ!” ಹುಡುಗಿ ಕಿರುಚಿ, ನಕ್ಕು, ಮೇಡಂ ಅವರನ್ನೇ ತಬ್ಬಿಕೊಂಡು ಗಿರಗಿರನೆ ಸುತ್ತಿದಳು. ಮೇಡಂ ನಕ್ಕರು!

ಅಜ್ಜಿ ಇದನ್ನೆಲ್ಲ ಬೆರಗಾಗಿ ನೋಡಿ ಚಾಚಾಗೆ ಹೇಳಿದರು: “ನೋಡಿ, ಬೀಗರು ಇಷ್ಟು ಬೈದರೂ ಕುಣೀತಾಳೆ. ಈ ಹುಡುಗಿ ಯಾವ ಅತ್ತೆ ಕೈಗೆ ಸಿಕ್ಕಿದರೂ ಬದುಕಿಕೊಳ್ತಾಳೆ. ಅತ್ತೆಯ ಗತಿ ಮಾತ್ರ ದೇವರೇ ಬಲ್ಲ.”