ಊರೂರು ಅಲೆಯೋ ಬೈಕಿನವನೂ ನಮ್ಮ ಕೀಲ್ಪಾಕ್ ಫ್ಲ್ಯಾಟೂ

ಕೆಲವರ ಮನೆಗೆ ದಿನಾ ಕಾಗೆ ಬರುತ್ತೆ. ನಮ್ಮ ಮನೆಗೆ ಎಡವಟ್ಟು ಬರುತ್ತೆ. ಅನ್ನ ಇಡೋದೂ ಬೇಡ, ಕಾ ಕಾ ಅಂತ ಕರೆಯೋದೂ ಬೇಡ. ಮೋಟಾರ್ ಸೈಕಲ್ ವಿಷಯಕ್ಕೆ ಬಂದ್ರಂತೂ ಅದು ನಮ್ಮಲ್ಲೇ ಠಿಕಾಣಿ ಹೂಡಿಬಿಟ್ಟಿದೆ.

೧. ವಾರಕ್ಕೊಂದು ಊರು

ನಾನು ಚಿಕ್ಕವನಿದ್ದಾಗ ನಾವಿದ್ದಿದ್ದು ಮದ್ರಾಸಿನ ರೈಲ್ವೆ ಕ್ವಾರ್ಟರ್ಸಲ್ಲಿ. ಆ ಸಾಲಿಗೆಲ್ಲ ಟಿವಿ ಇದ್ದಿದ್ದು ನಮ್ಮನೇಲಿ ಮಾತ್ರ. ಹಾಗಾಗಿ ಭಾನುವಾರ ನಮ್ಮನೇಲಿ ನಮಗೇ ಜಾಗ ಸಿಗ್ತಿರಲಿಲ್ಲ.

ಆಗ ಒಂದು ಇಂಗ್ಲಿಷ್ ಧಾರಾವಾಹಿ ಬರ್ತಿತ್ತು. ಒಬ್ಬ ಮೋಟಾರ್ ಸೈಕಲ್ ಮೇಲೆ ಯಾವುದೋ ಊರಿಗೆ ಬರ್ತಾನೆ. ಅಲ್ಲಿ ಯಾರಿಗೋ ಕಷ್ಟ. ಇವನು ಅದನ್ನ ಬಗೆಹರಿಸಿ, ಸೀಟಿನ ಹಿಂದೆ ಸಣ್ಣ ಗಂಟು ಕಟ್ಕೊಂಡು ಹೊರಟುಹೋಗ್ತಾನೆ. ಮುಂದಿನ ವಾರ ಇನ್ನೊಂದು ಊರು. ಯಾರಿಗೂ ಅವರ ಇಂಗ್ಲಿಷ್ ಅರ್ಥ ಆಗ್ತಿರಲಿಲ್ಲ. ಅಪ್ಪ ರೈಲ್ವೆ ಹೆಡ್ ಕ್ಲರ್ಕ್, ಅವರೇ ಅರ್ಥ ಹೇಳೋರು.

"ಪಾಪ, ಇವನಿಗೆ ಮತ್ತೆ ಟ್ರಾನ್ಸ್‌ಫರ್."

"ಹೋದ ವಾರ ತಾನೇ ಆಗಿತ್ತಲ್ಲ?" ಅಂತ ಅಮ್ಮ.

"ಮೇಲಿನವರ ಕಣ್ಣಿಗೆ ಬಿದ್ದಿದ್ದಾನೆ. ನೋಡು, ಕ್ವಾರ್ಟರ್ಸೂ ಕೊಟ್ಟಿಲ್ಲ, ಬಯಲಲ್ಲಿ ಮಲಗಿದ್ದಾನೆ."

ಅಮ್ಮ ಅದಕ್ಕೂ ಒಂದು ಕಾರಣ ಹುಡುಕಿದ್ರು. "ಮದುವೆ ಆಗಿಲ್ಲ ಅಲ್ವಾ, ಅದಕ್ಕೇ ಎತ್ತಿ ಹಾಕ್ತಾರೆ. ಮಕ್ಕಳ ಸ್ಕೂಲು ಅಂತ ಒಂದು ಅರ್ಜಿ ಕೊಡೋಕಾದ್ರೂ ಮಕ್ಕಳು ಬೇಕಲ್ಲ."

ಪಕ್ಕದ ಮನೆಯವರೆಲ್ಲ ಹೌದು ಹೌದು ಅಂದ್ರು. ಅವರೂ ರೈಲ್ವೆಯವರೇ.

೨. ಜಾಕೆಟ್

ನನ್ನ ಜೊತೆ ಅದನ್ನ ನೋಡ್ತಿದ್ದ ಸ್ನೇಹಿತ ಉಡುಪಿ ಕಡೆಯವನು. ಈಗ ಮದ್ರಾಸಿನ ಪ್ಯಾರೀಸ್ ಕಾರ್ನರ್‌ನಲ್ಲಿ ಹೋಟೆಲ್ ನಡೆಸ್ತಾನೆ. ಕಾಲೇಜು ಮುಗಿದ ವರ್ಷ ಅವನಿಗೆ ಆ ಬೈಕಿನವನ ಥರದ್ದೇ ಕರೀ ಜಾಕೆಟ್ ಬೇಕು ಅನ್ನಿಸ್ತು. ಚರ್ಮದ್ದು ಅಂದ್ರೆ ಅವರಪ್ಪ ಹೋಟೆಲ್ ಒಳಗೆ ಸೇರಿಸಲ್ಲ. ಅದಕ್ಕೆ ಸ್ಕೂಟರ್ ಸೀಟ್ ಕವರ್ ಹೊಲಿಯೋನ ಹತ್ತಿರ ಹೋಗಿ ರೆಕ್ಸಿನ್‌ನಲ್ಲಿ ಹೊಲಿಸ್ಕೊಂಡ. ಒಳಗೆ ಸ್ಪಂಜು ಬೇರೆ.

ಹಾಕ್ಕೊಂಡಿದ್ದು ಮೇ ತಿಂಗಳಲ್ಲಿ, ಮದ್ರಾಸಲ್ಲಿ, ಮಟಮಟ ಮಧ್ಯಾಹ್ನ. ಮರೀನಾದವರೆಗೆ ಹೋಗಿ ಬರೋವಷ್ಟರಲ್ಲಿ ರೆಕ್ಸಿನ್ ಮೈಗೆ ಅಂಟಿ, ಜಿಪ್ಪು ಕಚ್ಚಿಕೊಂಡು, ಮನುಷ್ಯ ಇಡ್ಲಿ ಪಾತ್ರೆಯಿಂದ ಇಳಿಸಿದ ಹಾಗೆ ಹಬೆ ಬಿಡ್ತಿದ್ದ. ನಾವು ನಾಲ್ಕು ಜನ ಎಳೆದ್ರೂ ಬರಲಿಲ್ಲ. ಕೊನೆಗೆ ಸೀಟ್ ಕವರ್ ಅಂಗಡಿಗೇ ಕರ್ಕೊಂಡು ಹೋದ್ವಿ. ಹೊಲಿದವನೇ ಬೆನ್ನ ಮೇಲೆ ಕತ್ತರಿ ಆಡಿಸಿ ಬಿಡಿಸಿದ.

"ಎಂಥ ಹೊಲಿಗೆ ಮಾರಾಯ ಇದು? ಜೀವ ಹೋಗ್ತಿತ್ತು," ಅಂದ ನನ್ನ ಸ್ನೇಹಿತ.

ಅಂಗಡಿಯವನಿಗೆ ಬೇಜಾರಾಯ್ತು. "ಇಷ್ಟು ವರ್ಷದಲ್ಲಿ ಒಂದು ಸೀಟೂ ಬಂದು ಕಂಪ್ಲೇಂಟ್ ಮಾಡಿಲ್ಲ ತಂಬಿ," ಅಂದ.

೩. ನೋಟೀಸು

ಈಗ ನಮಗಿಬ್ಬರಿಗೂ ಐವತ್ತು ದಾಟಿದೆ. ಮೊನ್ನೆ ಸ್ನೇಹಿತ ಫೋನಲ್ಲಿ ಆ ಧಾರಾವಾಹಿ ಹುಡುಕಿ ಕಳಿಸಿದ. ಅಮ್ಮನನ್ನೂ ಕೂರಿಸ್ಕೊಂಡು ನೋಡಿದೆ. ಈಗ ಇಂಗ್ಲಿಷ್ ಪೂರ್ತಿ ಅರ್ಥ ಆಗುತ್ತೆ. ಆ ಬೈಕಿನವನಿಗೆ ಜೀವನದಲ್ಲಿ ನೆಮ್ಮದಿ ಇಲ್ಲ, ತನ್ನನ್ನ ತಾನೇ ಹುಡುಕ್ಕೊಂಡು ಹೊರಟಿದ್ದಾನೆ, ಅಷ್ಟೇ. ಅಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ರು. "ನಿಮ್ಮಪ್ಪ ಹೇಳ್ತಿದ್ದ ಕಥೆಯೇ ಚೆನ್ನಾಗಿತ್ತು ಕಣೋ."

ನನಗೂ ಹಾಗೇ ಅನ್ನಿಸಿ, ಕೆಳಗಿಳಿದು ಹೋಗಿ ನನ್ನ ಮೋಟಾರ್ ಸೈಕಲ್ ಮೇಲಿನ ಟಾರ್ಪಾಲು ಎತ್ತಿದೆ. ಮೊದಲನೇ ಕೆಲಸ ಸಿಕ್ಕಾಗ ಆ ಬೈಕಿನವನನ್ನ ನೆನೆಸ್ಕೊಂಡೇ ತಗೊಂಡಿದ್ದು. ಒಂದು ಸಲವಾದ್ರೂ ಎಲ್ಲಿಗೆ ಅಂತ ಇಲ್ಲದೆ ಹೊರಡ್ಬೇಕು ಅಂತಿದ್ದೆ. ಹೊರಟಿದ್ದೆಲ್ಲ ಆಫೀಸಿಗೇ. ಆಮೇಲೆ ಅದೂ ನಿಂತು, ಮದ್ರಾಸಲ್ಲೇ ಕೀಲ್ಪಾಕ್‌ನ ಈ ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ವರ್ಷಗಳಿಂದ ಹಾಗೇ ಇತ್ತು. ಟಾರ್ಪಾಲು ಎತ್ತಿದ್ದನ್ನ ಅಸೋಸಿಯೇಷನ್ ಸೆಕ್ರೆಟರಿ ನೋಡಿಬಿಟ್ರು. ತಮಿಳಿನವರು, ಗಾಡಿಗೆ ವಂಡಿ ಅಂತಾರೆ, ಬಹಳ ಮೃದು ಮಾತು.

"ಸಾರ್, ಒಳಗೆ ವಂಡಿ ಇರೋದು ನನಗೆ ಗೊತ್ತೇ ಇರಲಿಲ್ಲ. ಸಿಮೆಂಟ್ ಮೂಟೆ ಅಂದ್ಕೊಂಡಿದ್ದೆ."

"ವಂಡಿನೇ ಸಾರ್."

"ಹಾಗಾದ್ರೆ ರೂಲ್ ಇದೆ. ಓಡದ ವಂಡಿ ಇಲ್ಲಿ ಇಡೋ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಓಡಿಸಿ ತೋರಿಸಿ. ಇಲ್ಲಾಂದ್ರೆ ಗುಜರಿಯವನಿಗೆ ಹೇಳ್ತೀನಿ."

"ಸಿಮೆಂಟ್ ಮೂಟೆಗೆ ರೂಲ್ ಇಲ್ವಾ?"

"ಇಲ್ಲ ಸಾರ್. ಮತ್ತೆ ಮುಚ್ಚೋ ಹಾಗೂ ಇಲ್ಲ, ನಾನು ನೋಡಿಬಿಟ್ಟಿದ್ದೀನಿ."

೪. ಹೊರಡೋ ಶಾಸ್ತ್ರ

ಶನಿವಾರ ಗಿಂಡಿಯಿಂದ ಮೆಕ್ಯಾನಿಕ್ ಬಂದು ಸಂಜೆವರೆಗೆ ಬಿಚ್ಚಿ ಜೋಡಿಸಿದ. "ನಾಳೆ ಸ್ಟಾರ್ಟ್ ಆಗುತ್ತೆ ಸಾರ್. ಆದ್ಮೇಲೆ ಆಫ್ ಮಾಡ್ಬೇಡಿ. ಆಫ್ ಆದ್ರೆ ನನಗೆ ಫೋನ್ ಮಾಡಿ. ಭಾನುವಾರ ನಾನು ಫೋನ್ ಎತ್ತಲ್ಲ."

ಭಾನುವಾರ ನನ್ನ ಸ್ನೇಹಿತ ಹೋಟೆಲ್ ಬಿಟ್ಟು ಬಂದ. ಒದ್ದು ಒದ್ದು ಕಾಲು ಸೋತ ಮೇಲೆ ಬೈಕ್ ಒಮ್ಮೆ ಕೆಮ್ಮಿ, ಗುಡುಗುಡು ಅಂತು. ಆ ಶಬ್ದ ಕೇಳಿ ಎಷ್ಟೋ ವರ್ಷವಾಗಿತ್ತು. ಆ ಟಿವಿಯವನ ಥರಾನೇ ಸೀಟಿನ ಹಿಂದೆ ಗಂಟು ಕಟ್ಟಿ, ಹೆಲ್ಮೆಟ್ ಹಾಕಿ, ಗೇರ್ ಹಾಕೋಣ ಅನ್ನೋವಷ್ಟರಲ್ಲಿ ಸೆಕ್ರೆಟರಿ ಕಾಫಿ ಲೋಟ ಹಿಡ್ಕೊಂಡು ಬಂದು, ಮರ್ಯಾದೆಗೆ ಕೇಳಿದ್ರು. "ಎಲ್ಲಿಗೆ ಸಾರ್?"

ಬಾಲ್ಕನಿಯಿಂದ ಅಮ್ಮ. "ಹೊರಟು ನಿಂತವನನ್ನ ಎಲ್ಲಿಗೆ ಅಂತ ಕೇಳೋದಾ? ಬಾರೋ ಮೇಲಕ್ಕೆ. ಎರಡು ನಿಮಿಷ ಕೂತು, ನೀರು ಕುಡಿದು ಹೋಗು."

"ಅಮ್ಮಾ, ಆಫ್ ಮಾಡೋ ಹಾಗಿಲ್ಲ."

"ಗಾಡಿಗೇನು ಶಕುನ ಗೊತ್ತು? ನೀನು ಬಾ."

"ನೀನು ಹೋಗಿ ಬಾ ಮಾರಾಯ, ಗಾಡಿ ನಾನು ಹಿಡ್ಕೊಳ್ತೇನೆ," ಅಂದ ಸ್ನೇಹಿತ. ನಾನು ಮೇಲೆ ಹೋಗಿ ಕೂತೆ. ಅಮ್ಮ ಲೋಟ ಕೊಟ್ರು. ಮೊದಲನೇ ಗುಟುಕಿಗೇ ಕೆಳಗೆ ಶಬ್ದ ನಿಂತುಹೋಯ್ತು.

"ನಾನು ಎಂಥದ್ದೂ ಮಾಡ್ಲಿಲ್ಲ," ಅಂತ ಸ್ನೇಹಿತ ಕೆಳಗಿಂದ ಕೂಗಿದ.

ಅಮ್ಮ ನನ್ನ ಕೈ ಹಿಡ್ಕೊಂಡ್ರು. "ನೋಡ್ದಾ? ರಸ್ತೆ ಮಧ್ಯೆ ನಿಲ್ಲಬೇಕಾಗಿದ್ದು ಮನೆ ಬಾಗಿಲಲ್ಲೇ ನಿಂತು, ಕಂಟಕ ಕಳೀತು. ಪೂರ್ತಿ ಕುಡಿ."

೫. ಇನ್ಸ್‌ಪೆಕ್ಷನ್

ಇನ್ನು ತಳ್ಳೋದೇ ಗತಿ. ಸ್ನೇಹಿತ ತಳ್ಳಿದ, ವಾಚ್‌ಮನ್ ತಳ್ಳಿದ, ಪೂಜೆಗೆ ಹೂ ಕೀಳ್ತಿದ್ದೋರು ಬಂದು ತಳ್ಳಿದ್ರು. ರಸ್ತೆ ತಿರುವಿನಲ್ಲಿ ಬೈಕ್ ಒಂದು ನೆಗೆತ ನೆಗೆದು ಹೊರಟೇಬಿಡ್ತು. ಹೊರಟ ಮೇಲೆ ಗೊತ್ತಾಯ್ತು, ಸೆಕ್ರೆಟರಿ ಸರಿ ಅನ್ನೋ ಮೊದಲೇ ನಿಲ್ಲಿಸಿದ್ರೆ ಗುಜರಿ. ಅದಕ್ಕೆ ನಮ್ಮ ಬೀದಿಯನ್ನೇ ಸುತ್ತೋಕೆ ಶುರು ಮಾಡಿದೆ.

ಮೊದಲನೇ ಸುತ್ತಿಗೆ ನನ್ನ ಹೆಂಡತಿ ಗೇಟಲ್ಲಿ ನಿಂತಿದ್ಲು. "ರೀ, ಹೇಗೂ ಸುಮ್ನೆ ತಿರುಗ್ತಿದ್ದೀರಲ್ಲ, ಕೊತ್ತಂಬರಿ ಸೊಪ್ಪು." ಸೊಪ್ಪಿನವಳು ನನ್ನ ಕಷ್ಟ ನೋಡಿ, ಕಟ್ಟನ್ನ ಓಡೋ ಬೈಕಿನ ಮೇಲೇ ಎಸೆದ್ಲು. ಎರಡನೇ ಸುತ್ತಿಗೆ ಸ್ನೇಹಿತ ಕಾಫಿ ಹಿಡ್ಕೊಂಡು ಪಕ್ಕದಲ್ಲೇ ಓಡಿ ಬಂದ. ಅರ್ಧ ನನ್ನ ಶರ್ಟಿಗೆ, ಅರ್ಧ ಅವನ ಪಂಚೆಗೆ.

ಮೂರನೇ ಸುತ್ತಿಗೆ ಸೆಕ್ರೆಟರಿ ಕೈ ಅಡ್ಡ ಹಿಡಿದ್ರು. "ನಿಧಾನ ಮಾಡಿ ಸಾರ್. ಹತ್ತಿ ನೋಡ್ಬೇಕು, ಇನ್ಸ್‌ಪೆಕ್ಷನ್." ನಾನು ನಿಧಾನ ಮಾಡಿದೆ. ಅವರು ಪಂಚೆ ಎತ್ತಿ ಕಟ್ಟಿ, ಎರಡು ಹೆಜ್ಜೆ ಓಡಿ, ಗಂಟಿನ ಮೇಲೇ ಹತ್ತಿ ಕೂತ್ರು.

ಅರ್ಧ ಸುತ್ತು ಹೋದ್ವಿ. ಆಮೇಲೆ ಹಿಂದಿನಿಂದ ಮೆಲ್ಲಗೆ ಕೇಳಿದ್ರು. "ಸಾರ್, ಚಿಕ್ಕವರಿದ್ದಾಗ ಟಿವಿಲಿ ಒಬ್ಬ ಬೈಕ್ ಮೇಲೆ ಊರೂರು ತಿರುಗ್ತಿದ್ದ, ನೋಡಿದ್ದೀರಾ?"

"ನೋಡಿದ್ದೀನಿ ಸಾರ್."

"ನಮ್ಮನೇಲಿ ಟಿವಿ ಇರಲಿಲ್ಲ. ಎದುರುಮನೆ ಕಿಟಕಿ ಹೊರಗೆ ನಿಂತು ನೋಡ್ತಿದ್ದೆ. ಅವರು ಊಟದ ಹೊತ್ತಾಯ್ತು ಅಂತ ಮಧ್ಯದಲ್ಲೇ ಕಿಟಕಿ ಮುಚ್ಚೋರು. ಅವನು ಊರಿಗೆ ಬರೋದು ನೋಡಿದ್ದೀನಿ. ಹೊರಡೋದನ್ನ ಒಂದು ವಾರನೂ ನೋಡಿಲ್ಲ."

ಅಷ್ಟರಲ್ಲಿ ಗೇಟ್ ಬಂತು. "ಸಾರ್, ಓಡೋದು ನೋಡಿದ್ರಲ್ಲ. ಗುಜರಿಯವನಿಗೆ ಹೇಳಲ್ಲ ತಾನೇ? ಒಳಗೆ ತಿರುಗಿಸ್ಲಾ?"

ಸೆಕ್ರೆಟರಿ ನನ್ನ ಭುಜ ಗಟ್ಟಿಯಾಗಿ ಹಿಡ್ಕೊಂಡ್ರು.

"ಓಡೋದು ಸರಿ ಸಾರ್. ಇನ್ನು ಮೈಲೇಜ್ ನೋಡ್ಬೇಕು. ಮಹಾಬಲಿಪುರದ ರಸ್ತೆ ಹಿಡೀರಿ."