ಅಕ್ಕೋರು ಧರ್ಮವೀರರಾದದ್ದು

ಇನ್ನೊಬ್ಬರು ಹೇಗಿರಬೇಕು ಎಂದು ನಿಯಮ ಬರೆಯುವುದರಲ್ಲಿ ಒಂದು ವಿಚಿತ್ರ ಸುಖವಿದೆ. ನನಗೆ ಆ ಚಟ ಮೊದಲಿನಿಂದಲೂ ಇದೆ. ನಮ್ಮ ಮನೆಯ ಬಚ್ಚಲಿನ ಬಾಗಿಲಿಗೆ ಬಿಸಿನೀರಿನ ಬಳಕೆಯ ಬಗ್ಗೆ ನಾನು ಅಂಟಿಸಿದ ಆರು ಸೂಚನೆಗಳಿವೆ. ಅವುಗಳಲ್ಲಿ ಐದನ್ನು ದಿನಾಲೂ ಮುರಿಯುವವನು ನಾನೇ ಎಂದು ಹೆಂಡತಿ ಹೇಳುತ್ತಾಳೆ. ಆರನೆಯದು ಉಗಿ ಬಡಿದು ಅಳಿಸಿಹೋಗಿರುವುದರಿಂದ ಉಳಿದುಕೊಂಡಿದೆಯಂತೆ. ಇಂಥ ಮಾತಿಗೆಲ್ಲ ನಾನು ನಾಚುವವನಲ್ಲ. ಈ ಚಟದಿಂದ ನಿಜವಾಗಿ ನಾಚಿಕೊಂಡದ್ದು ಒಂದೇ ಸಲ. ಅದು ತೊಂಬತ್ತರ ದಶಕದ ಕೊನೆಯ ಮಾತು, ಧಾರವಾಡದ ಮಾಳಮಡ್ಡಿಯಲ್ಲಿ.

ಆಗ ನನಗೆ ನೌಕರಿ ಹೊಸದು, ಮದುವೆ ಆಗಿರಲಿಲ್ಲ. ಸುಶೀಲಾ ಅಕ್ಕೋರ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಕ್ಕೋರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆ ಓಣಿಯ ಅರ್ಧದಷ್ಟು ಗಂಡಸರ ಕಿವಿ ಅವರ ಕೈಯಲ್ಲಿ ಒಮ್ಮೆಯಾದರೂ ಕೆಂಪಾಗಿತ್ತು. ರವಿವಾರ ಮಧ್ಯಾಹ್ನ ನನ್ನ ಕೋಣೆಗೆ ಇಬ್ಬರು ಗೆಳೆಯರು ಬರುತ್ತಿದ್ದರು. ಒಬ್ಬ ನನ್ನ ಆಫೀಸಿನ ಸಲೀಮ. ಇನ್ನೊಬ್ಬ ಹುಬ್ಬಳ್ಳಿಯ ಕಮರಿಪೇಟೆಯ ಬಸು, ಅರಳೆ ವ್ಯಾಪಾರಿಗಳ ಮಗ. ಬಸುವಿಗೆ ಪುಣೆಯಲ್ಲಿದ್ದ ಅವನ ಕಾಕಾನ ಮಗ ಒಂದು ಇಂಗ್ಲಿಷ್ ಆಟದ ಪುಸ್ತಕದ ಝೆರಾಕ್ಸ್ ಪ್ರತಿ ಕೊಟ್ಟಿದ್ದ. ಪಟವಿಲ್ಲದ, ಕಾಯಿಯಿಲ್ಲದ ಆಟ ಅದು. ಒಬ್ಬ ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗಿ, "ನಾ ಈಗ ಹಿಂಗ ಮಾಡತೇನಿ" ಅನ್ನಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ತಿಳಿಯಬೇಕು. ಅಂಥ ದಾಳ ನಮಗೆ ಎಲ್ಲಿ ಸಿಗಬೇಕು? ಕೇಳಿದ ಅಂಗಡಿಯವರು, "ಆರು ಮುಖದಾಗ ನಿಮಗ ಏನ ಕಮ್ಮಿ ಬಿದ್ದೇತ್ರಿ?" ಎಂದರು. ಕೊನೆಗೆ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲ್ ಲೋಟದಲ್ಲಿ ಹಾಕಿದೆವು. ದೊಡ್ಡ ಅಂಕಿ ಬಂದರೆ ಕೆಲಸ ಆದಂತೆ, ಸಣ್ಣದು ಬಂದರೆ ಕೆಟ್ಟಂತೆ.

ಕಥೆ ಹೇಳುವವನು ನಾನು; ಕಥೆಯ ಉಳಿದೆಲ್ಲ ಪಾತ್ರಗಳ ಮಾತೂ ನನ್ನದೇ. ಸಲೀಮ ಕಳ್ಳನ ಪಾತ್ರ, ಬಸು ಧರ್ಮವೀರ. ಧರ್ಮವೀರನೆಂದರೆ ದೇವರ ಹೆಸರಿನಲ್ಲಿ ಕತ್ತಿ ಹಿಡಿದ ಯೋಧ. ಅವನು ಕೈಯಿಟ್ಟರೆ ಸಾಯುವವನ ಗಾಯವೂ ಮಾಯುತ್ತದೆ. ಆದರೆ ಆ ಶಕ್ತಿ ಕರಾರಿನ ಮೇಲೆ ಕೊಟ್ಟದ್ದು. ಸುಳ್ಳು ಹೇಳಬಾರದು, ಶರಣಾದವರ ಮೇಲೆ ಕೈ ಮಾಡಬಾರದು, ದಿಕ್ಕಿಲ್ಲದವರನ್ನು ಬಿಟ್ಟು ಓಡಬಾರದು ಎಂದು ಮುಂತಾಗಿ ಒಂದು ಪುಟ ನಿಯಮಗಳು. ಒಂದನ್ನು ಮುರಿದರೂ ಶಕ್ತಿ ಹೋಯಿತು. ಈ ಪುಟವನ್ನು ನಾನು ಬಹಳ ಪ್ರೀತಿಯಿಂದ ಕನ್ನಡಕ್ಕೆ ಇಳಿಸಿ, ಇಂಗ್ಲಿಷ್ ಪುಸ್ತಕದಲ್ಲಿ ಇಲ್ಲದ ಎರಡು ನಿಯಮಗಳನ್ನು ಕೈಯಿಂದ ಸೇರಿಸಿದ್ದೆ.

ಒಂದು ರವಿವಾರ ಕಥೆಯಲ್ಲಿ ಒಬ್ಬ ದರೋಡೆಕೋರ ಸೆರೆ ಸಿಕ್ಕಿದ. ಅವನ ಬಾಯಿ ಬಿಡಿಸಲು ಧರ್ಮವೀರ ನಾಲ್ಕು ಏಟು ಹಾಕಬಹುದೇ ಎಂದು ಜಗಳ ಹತ್ತಿತು. "ಕೈ ಕಟ್ಟಿದವನ್ನ ಹೊಡದರ ಏನ ತಪ್ಪು?" ಎಂದು ಬಸು ಚೀರಿದ. ಬಾಗಿಲು ತೆರೆಯಿತು. ಅಕ್ಕೋರು ನಿಂತಿದ್ದರು.

"ಯಾರನ್ನ ಕಟ್ಟಿ ಹಾಕೀರ್ಯೋ ನನ್ನ ಮನ್ಯಾಗ?"

"ಯಾರನ್ನೂ ಇಲ್ಲರಿ ಅಕ್ಕೋರ, ಆಟದಾಗರಿ" ಎಂದು ಬಸು ಎದ್ದು ನಿಂತ. ನಾನು ಆಟವನ್ನು ವಿವರಿಸಿದೆ. ಅವರು ನಿಯಮದ ಪುಟ ಇಸಿದುಕೊಂಡು ಓದಿದರು, ನನ್ನ ಜೇಬಿನ ಪೆನ್ನು ತೆಗೆದುಕೊಂಡು ಮೂರು ಕಡೆ ಒತ್ತಕ್ಷರ ತಿದ್ದಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಎಷ್ಟೊತ್ತಾತು ಅವನ್ನ ಕಟ್ಟಿ?"

"ಮುಂಜಾನಿಂದರಿ."

"ನೀರು ಕೊಟ್ಟಿಯೇನು?"

ಬಸು ನನ್ನ ಮುಖ ನೋಡಿದ. ನೀರಿನ ವಿಚಾರ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಧರ್ಮವೀರನ ಪರವಾಗಿ ಅಕ್ಕೋರೇ ನೀರು ಕೊಟ್ಟರು, ಗಂಟು ಸಡಿಲಿಸಿದರು, ಮನೆಯಲ್ಲಿ ಯಾರಾರು ಇದ್ದಾರೆ ಎಂದು ಕೇಳಿದರು. ಇಷ್ಟಾದ ಮೇಲೆ ದರೋಡೆಕೋರನಾಗಿದ್ದ ನಾನು ಬಾಯಿ ಬಿಡದೆ ಏನು ಮಾಡಲಿ? ಎಲ್ಲ ಹೇಳಿಬಿಟ್ಟೆ. ಬಸು ತನ್ನ ಪಾತ್ರದ ವಿವರ ಬರೆದಿದ್ದ ಹಾಳೆಯನ್ನು ಅಕ್ಕೋರ ಮುಂದಿಟ್ಟ. "ಈ ಧರ್ಮ ನನ್ನ ಕೈಲೆ ಆಗೂದಿಲ್ಲರಿ. ನೀವ ಆಗ್ರಿ. ನಾ ಮಂತ್ರವಾದಿ ಆಗತೇನಿ."

ಹೀಗೆ ಅಕ್ಕೋರು ಧರ್ಮವೀರರಾದರು. ಪಾತ್ರಕ್ಕೆ ಗೌರವ್ವ ಎಂದು ಹೆಸರಿಟ್ಟರು. ಕುದುರೆಗೆ ಹುಲ್ಲು ಎಲ್ಲಿಂದ ಬರುತ್ತದೆ ಎಂದು ಪ್ರತಿ ರವಿವಾರ ಕೇಳುತ್ತಿದ್ದರು. ಅವಲಕ್ಕಿ, ಚಹಾ ಬರತೊಡಗಿದ್ದರಿಂದ ಗೆಳೆಯರಿಗೆ ಪರಮಾನಂದ. ಕಷ್ಟ ನನ್ನದು. ವಾರವೆಲ್ಲ ಆಫೀಸಿನ ಕಾಗದದ ಬೆನ್ನಿಗೆ ನಾನು ಯುದ್ಧ ಬರೆಯುತ್ತಿದ್ದೆ. ಗೌರವ್ವ ಹೋಗಿ ಎರಡೂ ಕಡೆಯವರನ್ನು ಕೂಡಿಸಿ ಬುದ್ಧಿ ಹೇಳಿ ಬರುತ್ತಿದ್ದಳು. ನಾನು ಸಾಕಿದ ಒಬ್ಬ ರಾಕ್ಷಸನಂತೂ ಕಣ್ಣೀರು ಹಾಕಿ, ತಾನು ಚಿಕ್ಕವನಿದ್ದಾಗ ಶಾಲೆ ಬಿಟ್ಟ ಕಥೆ ಹೇಳಿಕೊಂಡ. ಹೇಳಿದ ಬಾಯಿ ನನ್ನದೇ, ಆದರೆ ಹೇಳಿಸಿದವರು ಅವರು. ನನಗೆ ಹೊಟ್ಟೆಕಿಚ್ಚಾಯಿತು. ಇವರು ಎಷ್ಟು ಧರ್ಮದವರು ನೋಡಿಯೇ ಬಿಡೋಣ ಎಂದು ಒಂದು ಬಲೆ ನೇಯ್ದೆ.

ಕಥೆಯಲ್ಲಿ ಒಬ್ಬ ನೇಕಾರ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಣವೆಯಲ್ಲಿ ಅಡಗಿದ್ದ. ಕ್ರೂರ ಪಾಳೆಯಗಾರನ ಸೈನಿಕರು ಬಂದು ಗೌರವ್ವನನ್ನೇ ಕೇಳಿದರು: "ಧರ್ಮವೀರರು ಸುಳ್ಳು ಹೇಳೂದಿಲ್ಲಂತ. ಹೇಳ್ರಿ, ಅವರನ್ನ ನೋಡೀರೇನು?" ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅಕ್ಕೋರು ಯಾವ ಉಪಾಯವನ್ನೂ ಹುಡುಕಲಿಲ್ಲ.

"ಇಲ್ಲಪಾ. ನಾ ನೋಡಿಲ್ಲ."

"ಸುಳ್ಳಾತು!" ನಾನು ಹಾರಿಬಿದ್ದೆ. "ಶಕ್ತಿ ಹೋತರಿ ಅಕ್ಕೋರ. ನಿಯಮ!"

"ಲೇ, ಮೂರು ಜೀವ ಉಳಿಸ್ಯಾರಲೇ ಅವರು" ಎಂದು ಸಲೀಮ ನನ್ನ ಮೇಲೆ ಏರಿ ಬಂದ. ಅಕ್ಕೋರು ಅವನನ್ನು ಕೈಸನ್ನೆಯಿಂದ ಕೂಡಿಸಿದರು. ರಬ್ಬರ್ ತೆಗೆದುಕೊಂಡು, ಗಾಯ ಮಾಯಿಸುವ ಶಕ್ತಿ ಎಂದು ಬರೆದಿದ್ದ ಸಾಲನ್ನು ನಿಧಾನವಾಗಿ ಉಜ್ಜಿ, ಹಾಳೆಯ ಮೇಲಿನ ಪುಡಿಯನ್ನು ಊದಿದರು.

"ಆ ಹುಡುಗ್ಯಾರು ಉಳದರಲಾ?"

"ಉಳದರರಿ."

"ಹಂಗಾರ ಮುಂದ ಹೇಳಪಾ."

ಗೆದ್ದವನು ನಾನು. ಕಾಗದ ತಿರುವಿದೆ. ಮುಂದೆ ಹೇಳಬೇಕಾದದ್ದು ಮೊದಲೇ ಬರೆದಿಟ್ಟ ಕಥೆ: ಹೊರಟ ಸೈನಿಕರಲ್ಲಿ ಒಬ್ಬ ಬಾಣ ಬಿಟ್ಟ, ಅದು ಕಾವಲಿಗೆ ನಿಂತಿದ್ದ ಸಲೀಮನ ಕಳ್ಳನ ಎದೆಗೆ ನಟ್ಟಿತು. ಗೌರವ್ವನ ಕೈಯಲ್ಲಿ ಶಕ್ತಿ ಇದ್ದಿದ್ದರೆ ಅದು ಒಂದು ಕ್ಷಣದ ಕೆಲಸ. ಈಗ ಇರಲಿಲ್ಲ. ಒಂದೂವರೆ ವರ್ಷದಿಂದ ಸಲೀಮ ಆ ಕಳ್ಳನನ್ನು ಮಗನಂತೆ ಜೋಪಾನ ಮಾಡಿದ್ದ. ಈ ಆಟದಲ್ಲಿ ಸತ್ತವರು ತಿರುಗಿ ಬರುವುದಿಲ್ಲ. ಅವನು ಚಹಾದ ಕಪ್ಪಿನ ತಳ ನೋಡುತ್ತ ಕೂತ.

"ಸೆರಗು ಹರದು ಕಟ್ಟತೇನಿ" ಎಂದರು ಅಕ್ಕೋರು. "ಶಕ್ತಿ ಇಲ್ಲಂದರ ಅರಿವಿ ಐತಲಾ."

ಹನ್ನೆರಡಕ್ಕಿಂತ ಮೇಲೆ ಬಂದರೆ ಬದುಕುತ್ತಾನೆ ಎಂದೆ. ಅವರು ಲೋಟದಿಂದ ಚೀಟಿ ತೆಗೆದು ನನ್ನ ಕೈಗೇ ಕೊಟ್ಟರು. ಬಿಚ್ಚಿ ನೋಡಿದೆ. ನಾಲ್ಕು. ನನ್ನದೇ ಅಕ್ಷರ, ದುಂಡಗೆ, ಅನುಮಾನಕ್ಕೆ ಎಡೆಯಿಲ್ಲದಂತೆ. ಸಲೀಮ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ.

"ಹದಿನೆಂಟು" ಎಂದೆ.

ಬಸು ಕೂಗಿ ಕುಣಿದ. ಸಲೀಮ ಕಣ್ಣೊರೆಸಿಕೊಂಡು, ಕಣ್ಣಿಗೆ ಅವಲಕ್ಕಿಯ ಖಾರ ಹೋಯಿತು ಎಂದ. ಆ ಗದ್ದಲದಲ್ಲಿ ಅಕ್ಕೋರು ನನ್ನ ಕಡೆ ಬಾಗಿ, ಅವರಿಬ್ಬರಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು: "ಚೀಟಿ ಲಗೂ ಲೋಟಕ್ಕ ಹಾಕು ತಮ್ಮಾ, ಅವರು ನೋಡ್ಯಾರು." ಕೊಡುವ ಮೊದಲೇ ಅದನ್ನು ಓದಿದ್ದರೋ, ನನ್ನ ಮುಖವನ್ನು ಓದಿದರೋ, ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಆ ವಾರ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮುಂದಿನ ರವಿವಾರ ಕೂತ ಕೂಡಲೇ ಘೋಷಿಸಿದೆ: ದೇವರು ಪ್ರಸನ್ನನಾಗಿದ್ದಾನೆ, ಗೌರವ್ವನ ತಪ್ಪು ಮನ್ನಾ ಆಗಿದೆ, ಶಕ್ತಿಯನ್ನು ತಿರುಗಿ ಹಾಳೆಯಲ್ಲಿ ಬರೆದುಕೊಳ್ಳಬಹುದು. ಅಕ್ಕೋರು ಪೆನ್ಸಿಲ್ ಮುಟ್ಟಲಿಲ್ಲ.

"ಇಷ್ಟು ಲಗೂ ಮನಸು ಬದಲಸೂ ದೇವರ ಶಕ್ತಿ ನನಗ ಬ್ಯಾಡಪಾ. ಅವಾ ಇನ್ನೂ ಸಣ್ಣಾಂವ ಇದ್ದಾನ, ಮೊದಲ ಕಲೀಲಿ."

ನನಗೆ ಹುಬ್ಬಳ್ಳಿಗೆ ವರ್ಗವಾಗಿ ಬೈರಿದೇವರಕೊಪ್ಪದಲ್ಲಿ ಮನೆ ಮಾಡುವವರೆಗೆ ಇನ್ನೂ ಎರಡು ವರ್ಷ ಆಟ ನಡೆಯಿತು. ಗೌರವ್ವ ಯಾವ ಶಕ್ತಿಯೂ ಇಲ್ಲದೆ, ಅರಿವೆ, ನೀರು, ಬಾಯಿಮಾತು ಇಷ್ಟರಲ್ಲೇ ಊರೂರು ತಿರುಗಿದಳು. ನಾನು ಮಾತ್ರ, ಕಥೆಯಲ್ಲಿ ದೇವರು ಏನಾದರೂ ಅಪ್ಪಣೆ ಕೊಡುವ ಸಂದರ್ಭ ಬಂದಾಗಲೆಲ್ಲ, ಮೊದಲು ಅಕ್ಕೋರ ಮುಖ ನೋಡುತ್ತಿದ್ದೆ. ಅವರು ಸಣ್ಣಗೆ ತಲೆಯಾಡಿಸಿದ ಮೇಲೆಯೇ ದೇವರು ಬಾಯಿ ಬಿಡುತ್ತಿದ್ದ.