ಎಂಟು ಮಂದಿಯ ಜಿಮ್ಮು

ಬೈಲಹೊಂಗಲದಲ್ಲಿ ಜಿಮ್ ನಡೆಸುವವನು ನಗಲು ಬೇರೆ ಕಡೆ ಹೋಗಬೇಕಿಲ್ಲ. ಬಾಗಿಲು ತೆರೆದರೆ ಸಾಕು, ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಕೊರೊನಾ ಕಾಲದಲ್ಲಂತೂ ದಿನಕ್ಕೆರಡು. ತಿಂಗಳುಗಟ್ಟಲೆ ಮುಚ್ಚಿದ್ದ ಜಿಮ್ ತೆರೆಯಲು ಅನುಮತಿ ಕೊಟ್ಟ ತಾಲೂಕು ಕಚೇರಿಯ ಸಾಹೇಬರು ಹಾಕಿದ್ದು ಒಂದೇ ಷರತ್ತು: ಒಳಗೆ ಎಂಟೇ ಮಂದಿ, ಒಂಬತ್ತಾದರೆ ಬೀಗ. ಇನ್ನೊಮ್ಮೆ ಬೀಗ ಬಿದ್ದರೆ ಮತ್ತೆ ತೆರೆಯುವ ಧೈರ್ಯ ನನ್ನಲ್ಲಿರಲಿಲ್ಲ. ಬೀಗ ತಪ್ಪಿಸಲು ಸಿಕ್ಕ ಯಂತ್ರಗಳನ್ನೆಲ್ಲ ತಂದು ಕೂರಿಸಿದೆ.

೧. ಹಣೆಗೆ ಗನ್ನು

ದೊಡವಾಡದ ರೈತರೊಬ್ಬರು ಬಿಸಿಲಲ್ಲಿ ಬೈಕ್ ಹೊಡೆದುಕೊಂಡು ಬರುತ್ತಿದ್ದರು. ಜ್ವರ ನೋಡುವ ಗನ್ನು ಹಣೆಗೆ ಹಿಡಿದರೆ ಕೆಂಪು. ಬೇವಿನ ಗಿಡದ ಕೆಳಗೆ ಕೂಡಿಸಿ ಮಜ್ಜಿಗೆ ಕೊಟ್ಟೆ. ಹತ್ತು ನಿಮಿಷಕ್ಕೆ ಹಸಿರು. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಮೋಡ ಕವಿದು ಬಂದ ಕೂಡಲೇ ಹಸಿರು ತೋರಿಸಿತು. ಅವರು ಕದಲಲಿಲ್ಲ.

"ಇನ್ನೊಮ್ಮೆ ಹಿಡೀರಿ, ಇದು ಸರಿ ನೋಡವಲ್ದು."

"ಜ್ವರ ಇಲ್ರಿ, ಒಳಗ ಹೋಗ್ರಿ."

"ಜ್ವರ ಇಲ್ಲಂದ್ರ ಬ್ಯಾಡ ಬಿಡ್ರಿ. ಇವತ್ತ ಮಜ್ಜಿಗಿ ಮಾಡಿಲ್ಲೇನು?"

೨. ಹೆಂಡತಿಯ ನಂಬರು

ಗದ್ದಲ ಆಗದಿರಲೆಂದು ಮೊಬೈಲಿನಲ್ಲೇ ಹೊತ್ತು ಕಾಯ್ದಿರಿಸುವ ಏರ್ಪಾಡು ಮಾಡಿದ್ದೆ. ಕಾಯ್ದಿರಿಸಿ ಬಾರದವರಿಗೆ ತಾನೇ ಸಂದೇಶ ಹೋಗುತ್ತಿತ್ತು. ಅರಿವೆ ಅಂಗಡಿಯ ಯಜಮಾನರೊಬ್ಬರು ತಿಂಗಳಿಡೀ ಬೆಳಗಿನ ಹೊತ್ತು ಕಾಯ್ದಿರಿಸಿ, ತಮ್ಮದು ಹಳೇ ಫೋನೆಂದು ಹೆಂಡತಿಯ ನಂಬರು ಕೊಟ್ಟಿದ್ದರು. ಎಂಟನೇ ದಿನ ಆ ಅಕ್ಕಾರು ಫೋನ್ ಹಿಡಿದು ಬಂದರು.

"ನಮ್ಮನಿಯವ್ರು ವಾರದಿಂದ ಬಂದಿಲ್ಲಂತ ಇದು ಹೇಳಾಕತ್ತೈತಿ. ಮತ್ತ ದಿನಾ ಬೆವತ ಮನಿಗೆ ಬರತಾರಲ್ಲ, ಹೆಂಗ?"

ಯಜಮಾನರು ಬೆಳಿಗ್ಗೆ ನಿಲ್ಲುತ್ತಿದ್ದ ಮಿರ್ಚಿ ಭಜಿ ಗಾಡಿ ನನಗೆ ಗೊತ್ತಿತ್ತು. "ಖಾರಕ್ಕ ಇರಬಹುದ್ರಿ" ಎಂದೆ.

ಮರುದಿನದಿಂದ ಆ ಹೊತ್ತಿಗೆ ಅಕ್ಕಾರೇ ಬರತೊಡಗಿದರು. ಯಜಮಾನರು ಮನೆಯ ಕಸ ಗುಡಿಸಿಯೇ ಎರಡು ಕಿಲೋ ಇಳಿದರು.

೩. ಮೂರು ನಮಸ್ಕಾರ

ಎಲ್ಲಕ್ಕಿಂತ ನಾನು ನಂಬಿದ್ದು ಬಾಗಿಲಿಗೆ ಹಾಕಿಸಿದ ಎಣಿಕೆ ಯಂತ್ರವನ್ನು. ಮುಂದಿನ ಹೊಸ್ತಿಲು ದಾಟಿದರೆ ಒಂದು ಕೂಡಿಸುತ್ತಿತ್ತು, ಹಿಂದಿನ ಬಾಗಿಲಿಂದ ಹೋದರೆ ಒಂದು ಕಳೆಯುತ್ತಿತ್ತು. ಎಂಟು ಮೀರಿದರೆ ಹೆಣ್ಣುದನಿಯಲ್ಲಿ "ಜನ ಹೆಚ್ಚಾಗಿದ್ದಾರೆ, ದಯವಿಟ್ಟು ಹೊರಗೆ ಹೋಗಿ" ಎಂದು ಕೂಗುತ್ತಿತ್ತು.

ಒಂದು ಮಧ್ಯಾಹ್ನ ಸಾಹೇಬರು ತಪಾಸಣೆಗೆ ಬಂದು ರಸ್ತೆಯಲ್ಲಿ ಜೀಪು ಇಳಿಯುತ್ತಿದ್ದರು. ಅದೇ ಹೊತ್ತಿಗೆ ಯಂತ್ರ ಕೂಗಿತು. ಲೆಕ್ಕ ಹತ್ತು.

"ಬೀಗ ತರ್ರಿ" ಎಂದರು ಸಾಹೇಬರು.

"ಒಳಗ ನೋಡ್ರಿ ಸಾಹೇಬ್ರ" ಎಂದು ಅಂಗಲಾಚಿದೆ. ಇಣುಕಿದರೆ ಒಬ್ಬರೇ ಒಬ್ಬರು: ಹೂಲಿಯ ಹಿರಿಯ ಪೈಲ್ವಾನರು. ಗರಡಿ ಮುಚ್ಚಿದ್ದರಿಂದ ನನ್ನಲ್ಲಿಗೆ ಬರುತ್ತಿದ್ದರು.

"ಉಳಿದ ಒಂಬತ್ತು ಮಂದಿ ಎಲ್ಲದಾರ?"

ಪೈಲ್ವಾನರು ಹೊರಗೆ ಬಂದು ಮಾಡಿ ತೋರಿಸಿದರು. ಗರಡಿಯಲ್ಲಿ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವ ರೂಢಿ. ಇಲ್ಲಿ ಮಣ್ಣಿಲ್ಲ, ಹೊಸ್ತಿಲಿಗೇ ಮೂರು ನಮಸ್ಕಾರ. ಬಗ್ಗಿದಾಗೊಮ್ಮೆ ಯಂತ್ರ ಒಂದು ಕೂಡಿಸಿತು, ದಾಟಿದಾಗ ಇನ್ನೊಂದು. ಮಾಸ್ಕ್ ಮರೆತು, ಟವೆಲ್ ಮರೆತು, ಎರಡು ಸಲ ಹಿಂದಿನ ಬಾಗಿಲಿಂದ ಹೋಗಿ, ಅವತ್ತು ಮೂರು ಸಲ ಒಳಬಂದಿದ್ದರಂತೆ: ಹನ್ನೆರಡು ಕೂಡಿ, ಎರಡು ಕಳೆದು, ಹತ್ತು.

"ಮಿಷಿನ್ ಸುಳ್ಳೇನ್ ಹೇಳಿಲ್ರಿ ಸಾಹೇಬ್ರ" ಎಂದರು ಪೈಲ್ವಾನರು. "ಹರೇದಾಗ ನಾ ಹತ್ತ ಮಂದಿ ಸಮಾನೇ ಇದ್ದೆ."

ಸಾಹೇಬರು ಮಾಸ್ಕಿನೊಳಗೇ ನಕ್ಕರು. ಬೀಗದ ಮಾತು ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಅವರ ಕಣ್ಣು ಒಳಗಿನ ಗೋಡೆಯ ಮಾರುತಿ ಫೋಟೋ ಮೇಲೆ ಬಿತ್ತು. ಬೂಟು ಬಿಚ್ಚಿ, ಬಗ್ಗಿ, ಹೊಸ್ತಿಲು ಮುಟ್ಟಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.

"ಜನ ಹೆಚ್ಚಾಗಿದ್ದಾರೆ, ದಯವಿಟ್ಟು ಹೊರಗೆ ಹೋಗಿ."

ಸಾಹೇಬರು ಬೂಟು ಕೈಯಲ್ಲೇ ಹಿಡಿದು ಯಂತ್ರಕ್ಕೂ ಒಂದು ಕೈ ಮುಗಿದರು.

"ಹೊಂಟೇನಿ ಬೇ ತಾಯಿ, ಹೊಂಟೇನಿ."